ಸಬ್‌ಸ್ಕ್ರೈಬ್ ಒತ್ತಿದವರಿಗೆ ಬರಹ ತಲುಪದಿದ್ದಾಗ: ಫೀಡ್ ಚಂದಾದಾರಿಕೆಯ ದೋಷ ನಿವಾರಣೆ ಕೈಪಿಡಿ

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಲ್ಲಿ ಮಾರುಕಟ್ಟೆ ಧಾರಣೆ, ಬೆಳೆ ಸಲಹೆ, ಸ್ಥಳೀಯ ಇತಿಹಾಸ, ಕಾಲೇಜು ವಿಭಾಗಗಳ ಪ್ರಕಟಣೆ ಮುಂತಾದವುಗಳಿಗೆಂದು ಸಣ್ಣ ಕನ್ನಡ ಜಾಲತಾಣಗಳನ್ನು ನಡೆಸುತ್ತಿರುವವರು ಪದೇ ಪದೇ ಎದುರಿಸುವ ಒಂದು ತೊಂದರೆಯ ಬಗ್ಗೆ ಈ ಕೈಪಿಡಿಯನ್ನು ಬರೆಯಲಾಗಿದೆ. ತಾಣದಲ್ಲಿ ಫೀಡ್ ಇರುತ್ತದೆ, ಕಿತ್ತಳೆ ಬಣ್ಣದ ಗುರುತೂ ಇರುತ್ತದೆ. ಆದರೆ ಓದುಗರು ಚಂದಾದಾರರಾಗುವುದಿಲ್ಲ, ಆದವರಿಗೂ ಹೊಸ ಬರಹಗಳು ತಲುಪುವುದಿಲ್ಲ. ದೂರು ಬಂದರೆ ಅದು ‘ಒತ್ತಿದರೆ ಏನೂ ಆಗ್ತಿಲ್ಲ’ ಅಥವಾ ‘ಏನೂ ಬರ್ತಿಲ್ಲ’ ಎಂಬ ಒಂದೇ ವಾಕ್ಯದಲ್ಲಿರುತ್ತದೆ. ಆ ವಾಕ್ಯದ ಹಿಂದೆ ಪರಸ್ಪರ ಸಂಬಂಧವೇ ಇಲ್ಲದ ಹಲವು ಕಾರಣಗಳಿರುವುದರಿಂದ, ಕೈಗೆ ಸಿಕ್ಕಿದ್ದನ್ನು ಬದಲಾಯಿಸಲು ಹೊರಡುವ ಮುನ್ನ ಕಾರಣವನ್ನು ಬೇರ್ಪಡಿಸಿಕೊಳ್ಳುವುದು ಅಗತ್ಯ.

ಫೀಡ್ ಎಂದರೆ ತಾಣದ ಇತ್ತೀಚಿನ ಬರಹಗಳ ಶೀರ್ಷಿಕೆ, ಕೊಂಡಿ, ದಿನಾಂಕ ಮತ್ತು ಸಾರವನ್ನು ಯಂತ್ರವು ಓದುವಂತೆ ಎಕ್ಸ್‌ಎಂಎಲ್ ರೂಪದಲ್ಲಿ ಬರೆದಿಟ್ಟ ಕಡತ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿ ಆರಂಭಿಸಿದ ಆರ್‌ಎಸ್‌ಎಸ್ ಎಂಬ ಫೀಡ್ ರೂಪ 2002ರಲ್ಲಿ 2.0ನೇ ಆವೃತ್ತಿಗೆ ಬಂದಿತು. 2005ರಲ್ಲಿ ಆಟಮ್ ಎಂಬ ಇನ್ನೊಂದು ರೂಪ ಮಾನಕವಾಗಿ ಪ್ರಕಟವಾಯಿತು. ಫೀಡ್‌ಗಳನ್ನು ತರಿಸಿ ತೋರಿಸುವ ಇಂದಿನ ರೀಡರ್ ಆ್ಯಪ್‌ಗಳು ಎರಡನ್ನೂ ಓದುತ್ತವೆ. ಆದ್ದರಿಂದ ‘ನಮ್ಮದು ಆರ್‌ಎಸ್‌ಎಸ್ಸೋ ಆಟಮ್ಮೋ’ ಎಂಬ ಪ್ರಶ್ನೆಗೆ ಸಮಯ ವ್ಯಯಿಸಬೇಕಾಗಿಲ್ಲ.

ಎಲ್ಲಿಂದ ಹುಡುಕಬೇಕು

ದೂರು ಬಂದ ಕೂಡಲೇ ಸರ್ವರ್‌ನ ಸೆಟ್ಟಿಂಗ್ ತೆರೆದು ಕೂರುವುದು ತಾಣ ನಡೆಸುವವರ ಸಹಜ ಪ್ರವೃತ್ತಿ. ಭದ್ರಾ ನಾಲೆಯ ಕೊನೆಭಾಗದ ರೈತರು ನೀರು ಬಾರದಿದ್ದಾಗ ತಮ್ಮ ಗದ್ದೆಯ ತೂಬಿನಿಂದ ಹೊರಟು ನಾಲೆಯ ದಂಡೆಯ ಮೇಲೆ ಹಿಂದಕ್ಕೆ ನಡೆದು ನೋಡುತ್ತಾರೆ. ನೀರು ಎಲ್ಲಿಯವರೆಗೆ ಬಂದಿದೆ ಎಂಬುದು ಹಾಗೆ ನಡೆದಾಗಲೇ ತಿಳಿಯುತ್ತದೆ. ಫೀಡ್‌ನ ದೋಷವನ್ನೂ ಓದುಗರ ಕೈಯಲ್ಲಿರುವ ಫೋನಿನಿಂದ ಆರಂಭಿಸಿ ಸರ್ವರ್‌ನ ಕಡೆಗೆ ಹುಡುಕುತ್ತ ಹೋಗಬೇಕು.

ಮೊದಲು ಓದುಗರಿಂದ ಒಂದು ಸ್ಕ್ರೀನ್‌ಶಾಟ್ ಕೇಳಿ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಳ್ಳಬೇಕು. ಫೋನಿನಲ್ಲಿ ವಿವರಿಸಿ ಎಂದರೆ ತಾಂತ್ರಿಕ ಪದಗಳ ಪರಿಚಯವಿಲ್ಲದವರು ಸಂಕೋಚದಿಂದ ‘ಏನೋ ಬಂತು, ಮುಚ್ಚಿಬಿಟ್ಟೆ’ ಎನ್ನುತ್ತಾರೆ. ಚಿತ್ರ ಸಿಕ್ಕರೆ ಅರ್ಧ ಕೆಲಸ ಮುಗಿದಂತೆಯೇ. ಜೊತೆಗೆ, ಇದು ಮೊದಲಿನಿಂದಲೂ ಆಗಿರಲಿಲ್ಲವೇ ಅಥವಾ ಬರುತ್ತಿದ್ದದ್ದು ನಿಂತಿತೇ ಎಂದು ಕೇಳಬೇಕು. ಎಂದೂ ಆಗಿರಲಿಲ್ಲ ಎಂದಾದರೆ ದೋಷ ಸಾಮಾನ್ಯವಾಗಿ ಗುಂಡಿಯಲ್ಲಿ, ವಿಳಾಸದಲ್ಲಿ ಅಥವಾ ಫೀಡ್ ಪತ್ತೆಯಾಗುವ ವ್ಯವಸ್ಥೆಯಲ್ಲಿರುತ್ತದೆ. ನಿಂತುಹೋಯಿತು ಎಂದಾದರೆ ಕಡತದಲ್ಲಿ, ಸರ್ವರ್‌ನಲ್ಲಿ ಅಥವಾ ಫೋನಿನ ಬ್ಯಾಟರಿ ಸೆಟ್ಟಿಂಗ್‌ನಲ್ಲಿರುತ್ತದೆ.

ಬಳಿಕ ಅದೇ ಫೀಡನ್ನು ಎರಡು ಬಗೆಯ ರೀಡರ್‌ಗಳಲ್ಲಿ ಸೇರಿಸಿ ನೋಡಬೇಕು. ಫೀಡರ್‌ನಂಥ ಆ್ಯಪ್‌ಗಳು ಕಡತವನ್ನು ಫೋನಿನಿಂದಲೇ ನೇರವಾಗಿ ತರುತ್ತವೆ. ಫೀಡ್ಲಿ, ಇನೋರೀಡರ್‌ನಂಥ ಸೇವೆಗಳಲ್ಲಿ ಅವುಗಳ ದೂರದ ಸರ್ವರ್‌ಗಳು ತರುತ್ತವೆ. ಮೊದಲ ಬಗೆಯಲ್ಲಿ ಬಂದು ಎರಡನೆಯದರಲ್ಲಿ ಬಾರದಿದ್ದರೆ ನಿಮ್ಮ ಸರ್ವರ್ ಹೊರಗಿನ ಯಂತ್ರಗಳನ್ನು ತಡೆಯುತ್ತಿದೆ ಎಂದು ಊಹಿಸಬಹುದು. ಎರಡರಲ್ಲೂ ಬಾರದಿದ್ದರೆ ಕಡತವನ್ನೋ ವಿಳಾಸವನ್ನೋ ಶಂಕಿಸಬೇಕು. ಎರಡರಲ್ಲೂ ಸರಿಯಾಗಿ ಬಂದರೆ ಆ ಓದುಗರ ಫೋನನ್ನೇ ನೋಡಬೇಕಾಗುತ್ತದೆ.

ಗುಂಡಿ ಒತ್ತಿದರೆ ಸಂಕೇತಗಳ ಪುಟ ತೆರೆಯುತ್ತದೆ, ಇಲ್ಲವೇ ಏನೂ ಆಗುವುದಿಲ್ಲ

ನನ್ನ ಅನುಭವದಲ್ಲಿ ಅತಿ ಹೆಚ್ಚು ಓದುಗರು ಕೈಬಿಡುವುದು ಇಲ್ಲಿಯೇ. ಚಿತ್ರದುರ್ಗದ ಒಬ್ಬ ನಿವೃತ್ತ ಮೇಷ್ಟ್ರು ಕೋಟೆಯ ಶಾಸನಗಳ ಬಗೆಗಿನ ತಾಣವೊಂದರ ಕಿತ್ತಳೆ ಗುರುತನ್ನು ಒತ್ತಿ, ‘ಸರ್, ನಿಮ್ಮ ಸೈಟು ಕೆಟ್ಟೋಗೈತೆ, ಬರೀ ಇಂಗ್ಲಿಷ್ ಗೆರೆ ಬರ್ತಾವೆ, ನಾನೇನಾದ್ರೂ ತಪ್ಪು ಒತ್ತಿದ್ನಾ’ ಎಂದು ಕೇಳಿದರು. ಅವರು ಕಳಿಸಿದ ಚಿತ್ರದ ನೆತ್ತಿಯಲ್ಲಿ, ಈ ಎಕ್ಸ್‌ಎಂಎಲ್ ಕಡತಕ್ಕೆ ಯಾವುದೇ ಶೈಲಿಯ ಮಾಹಿತಿ ಇದ್ದಂತಿಲ್ಲ ಎಂಬ ಅರ್ಥದ ಕ್ರೋಮ್‌ನ ಇಂಗ್ಲಿಷ್ ಸಾಲು, ಅದರ ಕೆಳಗೆ ಕೋನಾಕಾರದ ಆವರಣಗಳ ರಾಶಿ ಇದ್ದವು. ತಾಂತ್ರಿಕವಾಗಿ ಎಲ್ಲವೂ ಸರಿಯಾಗಿತ್ತು, ಫೀಡ್ ದೋಷರಹಿತವಾಗಿತ್ತು. ಆದರೆ ಆಸಕ್ತಿಯಿಂದ ಬಂದ ಓದುಗರೊಬ್ಬರು ತಾವೇ ಏನನ್ನೋ ಕೆಡಿಸಿದೆವೆಂದು ಭಾವಿಸಿ ಹಿಂದಿರುಗಿದ್ದರು. ಇದನ್ನು ಓದುಗರ ತಿಳಿವಳಿಕೆಯ ಕೊರತೆ ಎಂದು ಬರೆದುಕೊಂಡು ಸುಮ್ಮನಾಗುವುದು ತಪ್ಪು. ಇದು ತಾಣದ ದೋಷ, ತಾಣದವರೇ ಸರಿಪಡಿಸಬೇಕಾದ ದೋಷ.

ಹೀಗಾಗಲು ಕಾರಣವಿದೆ. ಹಿಂದೆ ಹಲವು ಬ್ರೌಸರ್‌ಗಳು ಫೀಡ್ ಕಡತವನ್ನು ಕಂಡಾಗ ಅದನ್ನು ಓದಬಲ್ಲ ಪುಟವಾಗಿ ತೋರಿಸಿ, ಮೇಲ್ಗಡೆ ಚಂದಾದಾರರಾಗುವ ಗುಂಡಿಯನ್ನೂ ಕೊಡುತ್ತಿದ್ದವು. ಫೈರ್‌ಫಾಕ್ಸ್‌ಗಾಗಿ ರೂಪಿಸಿದ ಕಿತ್ತಳೆ ಗುರುತನ್ನು ಮೈಕ್ರೋಸಾಫ್ಟ್ ಕೂಡ 2005ರಲ್ಲಿ ಒಪ್ಪಿಕೊಂಡಿದ್ದರಿಂದ ಅದು ಎಲ್ಲೆಡೆ ಹರಡಿತು. 2013ರ ಜುಲೈಯಲ್ಲಿ ಫೀಡ್ ಓದುವ ಜನಪ್ರಿಯ ಸೇವೆಯಾಗಿದ್ದ ಗೂಗಲ್ ರೀಡರ್ ಮುಚ್ಚಿತು. 2018ರ ಡಿಸೆಂಬರ್‌ನಲ್ಲಿ ಬಂದ ಫೈರ್‌ಫಾಕ್ಸ್ 64ನೇ ಆವೃತ್ತಿಯಲ್ಲಿ ಫೀಡ್ ತೋರಿಸುವ ಸೌಲಭ್ಯವನ್ನು ತೆಗೆದುಹಾಕಲಾಯಿತು. ಗುರುತು ಮಾತ್ರ ತಾಣಗಳಲ್ಲಿ ಹಾಗೆಯೇ ಉಳಿದಿದೆ, ಅದರ ಹಿಂದೆ ಕೆಲಸ ಮಾಡುತ್ತಿದ್ದ ವ್ಯವಸ್ಥೆ ಉಳಿದಿಲ್ಲ.

ಪರಿಹಾರವೆಂದರೆ, ಆ ಗುಂಡಿಯನ್ನು ಫೀಡ್ ಕಡತಕ್ಕೆ ನೇರವಾಗಿ ಜೋಡಿಸದೆ, ಚಂದಾದಾರಿಕೆಗೆಂದೇ ಬರೆದ ಒಂದು ಕನ್ನಡ ಪುಟಕ್ಕೆ ಜೋಡಿಸುವುದು. ಆ ಪುಟದಲ್ಲಿ ‘ಹೊಸ ಬರಹ ಬಂದಾಗ ನಿಮ್ಮ ಫೋನಿನಲ್ಲೇ ಕಾಣುವಂತೆ ಮಾಡಿಕೊಳ್ಳಬಹುದು, ಇದಕ್ಕೆ ಹಣವಿಲ್ಲ, ನಿಮ್ಮ ಫೋನ್ ನಂಬರ್ ನಮಗೆ ಕೊಡಬೇಕಾಗಿಲ್ಲ’ ಎಂಬ ಸರಳ ವಿವರಣೆ ಮೊದಲಿಗೆ ಇರಲಿ. ಕೆಳಗೆ ಫೀಡ್‌ನ ವಿಳಾಸವನ್ನು ಒಂದು ಚೌಕದಲ್ಲಿಟ್ಟು, ಪಕ್ಕದಲ್ಲಿ ‘ಕಾಪಿ ಮಾಡಿ’ ಎಂಬ ಗುಂಡಿ ಕೊಡಬೇಕು. ಫೋನಿನಲ್ಲಿ ಬೆರಳಿನಿಂದ ಉದ್ದದ ವಿಳಾಸವನ್ನು ಪೂರ್ತಿ ಆಯ್ದುಕೊಳ್ಳುವುದು ವಯಸ್ಸಾದವರಿಗೆ ನಿಜಕ್ಕೂ ಕಷ್ಟ. ಶಿಫಾರಸು ಮಾಡುವ ಆ್ಯಪ್ ಒಂದೇ ಇರಲಿ, ಹೆಚ್ಚೆಂದರೆ ಎರಡು. ಹತ್ತು ಆ್ಯಪ್‌ಗಳ ಪಟ್ಟಿ ಕೊಟ್ಟರೆ ಯಾವುದನ್ನು ಹಾಕಿಕೊಳ್ಳಬೇಕೆಂದು ತಿಳಿಯದೆ ಓದುಗರು ಅಲ್ಲಿಗೇ ಬಿಡುತ್ತಾರೆ. ಹಂತಗಳನ್ನು ಆ ಆ್ಯಪ್‌ನ ನಿಜವಾದ ಪರದೆಯ ಚಿತ್ರಗಳ ಸಮೇತ ತೋರಿಸಿ, ಎಲ್ಲಿ ಒತ್ತಬೇಕೆಂದು ಗುರುತು ಮಾಡಿಡಬೇಕು. ಆ್ಯಪ್ ಬೇಡವೆನ್ನುವವರಿಗೆ ಇಮೇಲ್ ಮೂಲಕ ಪಡೆಯುವ ದಾರಿಯನ್ನೂ ಅದೇ ಪುಟದಲ್ಲಿ ಇಡುವುದು ಒಳ್ಳೆಯದು.

ಎಕ್ಸ್‌ಎಸ್‌ಎಲ್‌ಟಿ ಎಂಬ ಶೈಲಿ ಕಡತವನ್ನು ಜೋಡಿಸಿ ಫೀಡನ್ನೇ ಸುಂದರ ಪುಟವಾಗಿ ತೋರಿಸುವ ಉಪಾಯ ಕೆಲವರಿಗೆ ಗೊತ್ತಿರುತ್ತದೆ. ಅದು ಉತ್ತಮ ಉಪಾಯವೇ ಆಗಿತ್ತು. ಆದರೆ ಕ್ರೋಮ್ ಬ್ರೌಸರ್‌ನಿಂದ ಎಕ್ಸ್‌ಎಸ್‌ಎಲ್‌ಟಿಯನ್ನು ತೆಗೆದುಹಾಕುವ ಉದ್ದೇಶವನ್ನು ಅದರ ತಯಾರಕರು 2025ರಲ್ಲಿ ಪ್ರಕಟಿಸಿರುವುದರಿಂದ, ಹೊಸದಾಗಿ ಕಟ್ಟುವವರು ಅದನ್ನು ನೆಚ್ಚಿಕೊಳ್ಳದಿರುವುದು ಲೇಸು.

ಒತ್ತಿದರೆ ಏನೂ ಆಗುವುದೇ ಇಲ್ಲ ಎಂಬ ದೂರಿಗೆ ಬೇರೆ ಕಾರಣವಿದೆ. ಕೆಲವು ಹಳೆಯ ಥೀಮ್‌ಗಳಲ್ಲಿ (ತಾಣದ ವಿನ್ಯಾಸಗಳಲ್ಲಿ) ಕೊಂಡಿಯ ವಿಳಾಸ ಎಚ್‌ಟಿಟಿಪಿಎಸ್ ಎಂಬುದರ ಬದಲು ‘ಫೀಡ್’ ಎಂಬ ಪದ ಮತ್ತು ಎರಡು ಚುಕ್ಕೆಗಳಿಂದ ಆರಂಭವಾಗುತ್ತದೆ. ಅಂಥ ಕೊಂಡಿಯನ್ನು ತೆರೆಯಬಲ್ಲ ಆ್ಯಪ್ ಫೋನಿನಲ್ಲಿ ಇಲ್ಲದಿದ್ದರೆ ಒತ್ತಿದ ಬೆರಳಿಗೆ ಯಾವ ಉತ್ತರವೂ ಸಿಗುವುದಿಲ್ಲ. ಅದನ್ನು ಸಾಮಾನ್ಯ ವಿಳಾಸವಾಗಿ ಬದಲಾಯಿಸಬೇಕು. ಇನ್ನು ಕೆಲವು ಫೋನುಗಳಲ್ಲಿ ಫೀಡ್ ಕಡತ ಡೌನ್‌ಲೋಡ್ ಆಗಿ, ಅದನ್ನು ತೆರೆಯಲು ಬರುವುದಿಲ್ಲವೆಂಬ ಸಂದೇಶ ಬರುತ್ತದೆ. ಇದಕ್ಕೂ ಮೇಲೆ ಹೇಳಿದ ಕನ್ನಡ ಪುಟವೇ ಪರಿಹಾರ.

ಆ್ಯಪ್‌ನಲ್ಲಿ ತಾಣದ ಹೆಸರು ಹಾಕಿದರೆ ಫೀಡ್ ಸಿಗುವುದಿಲ್ಲ

ಓದುಗರು ಫೀಡ್‌ನ ಪೂರ್ತಿ ವಿಳಾಸವನ್ನು ತಿಳಿದಿರಬೇಕಾಗಿಲ್ಲ. ತಾಣದ ವಿಳಾಸ ಕೊಟ್ಟರೆ ಸಾಕು, ರೀಡರ್ ತಾನೇ ಹುಡುಕಿಕೊಳ್ಳಬೇಕು. ಇದು ನಡೆಯಬೇಕಾದರೆ ಪುಟದ ಹೆಡ್ ಭಾಗದಲ್ಲಿ ಲಿಂಕ್ ಟ್ಯಾಗ್ ಒಂದಿದ್ದು, ಅದರ ರೆಲ್ ಗುಣಕ್ಕೆ ಆಲ್ಟರ್ನೇಟ್ ಎಂದೂ, ಟೈಪ್ ಗುಣಕ್ಕೆ ಆರ್‌ಎಸ್‌ಎಸ್ ಅಥವಾ ಆಟಮ್‌ನ ಮಾದರಿಯೆಂದೂ, ಅದರೊಳಗೆ ಫೀಡ್‌ನ ವಿಳಾಸವೂ ಇರಬೇಕು. ಕಂಪ್ಯೂಟರ್‌ನಲ್ಲಿ ಪುಟದ ಸೋರ್ಸ್ ತೆರೆದು ಆಲ್ಟರ್ನೇಟ್ ಎಂಬ ಪದವನ್ನು ಹುಡುಕಿದರೆ ಇದೆಯೋ ಇಲ್ಲವೋ ತಿಳಿಯುತ್ತದೆ. ಬ್ಲಾಗರ್‌ನ ಸಿದ್ಧ ಥೀಮ್‌ಗಳಲ್ಲಿ ಇದು ತಾನಾಗಿ ಬರುತ್ತದೆ. ವರ್ಡ್‌ಪ್ರೆಸ್‌ನಲ್ಲಿ, ಯಾರಿಂದಲೋ ಹೇಳಿ ಮಾಡಿಸಿದ ಥೀಮ್ ಈ ಸೌಲಭ್ಯವನ್ನು ಘೋಷಿಸದೇ ಇದ್ದರೆ ಟ್ಯಾಗ್ ಕಾಣೆಯಾಗುತ್ತದೆ. ಆದರೆ ತಾಣದ ವಿಳಾಸದ ಕೊನೆಗೆ ಓರೆಗೆರೆ ಹಾಕಿ ಫೀಡ್ ಎಂದು ಇಂಗ್ಲಿಷಿನಲ್ಲಿ ಬರೆದರೆ ಕಡತ ಮಾತ್ರ ತೆರೆಯುತ್ತದೆ. ಕಡತ ಇದೆ, ಟ್ಯಾಗ್ ಇಲ್ಲ ಎಂದಾದರೆ ಥೀಮ್ ಬರೆದವರಿಗೆ ಹೇಳಿ ಒಂದು ಸಾಲು ಸೇರಿಸಿದರೆ ಮುಗಿಯಿತು.

ಟ್ಯಾಗ್‌ಗಳು ಹೆಚ್ಚಾಗಿರುವುದೂ ದೋಷವೇ. ವರ್ಡ್‌ಪ್ರೆಸ್ ಬರಹಗಳಿಗೆ ಒಂದು ಫೀಡನ್ನೂ ಓದುಗರ ಪ್ರತಿಕ್ರಿಯೆಗಳಿಗೆ ಇನ್ನೊಂದು ಫೀಡನ್ನೂ ಘೋಷಿಸುತ್ತದೆ. ರೀಡರ್ ಎರಡನ್ನೂ ತೋರಿಸಿ ಆಯ್ದುಕೊಳ್ಳಿ ಎಂದಾಗ, ವ್ಯತ್ಯಾಸ ತಿಳಿಯದವರು ಪ್ರತಿಕ್ರಿಯೆಗಳ ಫೀಡನ್ನು ಒತ್ತಿ, ತಿಂಗಳುಗಟ್ಟಲೆ ಏನೂ ಬಾರದಿರುವುದನ್ನು ಕಂಡು ಬೇಸರಗೊಳ್ಳುತ್ತಾರೆ. ಬೇಡದ ಫೀಡ್‌ನ ಘೋಷಣೆಯನ್ನು ತೆಗೆದು, ಉಳಿದದ್ದಕ್ಕೆ ‘ಹೊಸ ಬರಹಗಳು’ ಎಂಬಂಥ ಸ್ಪಷ್ಟ ಕನ್ನಡ ಶೀರ್ಷಿಕೆ ಕೊಡಬೇಕು.

ವಿಭಾಗವಾರು ಫೀಡ್‌ಗಳಲ್ಲಿ ಕನ್ನಡಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ವಿಳಾಸದಲ್ಲಿ ಕನ್ನಡ ಅಕ್ಷರಗಳಿದ್ದರೆ, ಅದನ್ನು ಕಾಪಿ ಮಾಡಿದಾಗ ಪ್ರತಿಯೊಂದು ಯೂನಿಕೋಡ್ ಸಂಕೇತವೂ ಶೇಕಡಾ ಚಿಹ್ನೆಗಳಿಂದ ಕೂಡಿದ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. ‘ಮೆಕ್ಕೆಜೋಳ’ ಎಂಬ ಪುಟ್ಟ ಪದ ಒಂಬತ್ತು ಸಂಕೇತಗಳದ್ದಾದ್ದರಿಂದ 81 ಅಕ್ಷರಗಳಷ್ಟು ಉದ್ದವಾಗುತ್ತದೆ. ಇಂಥ ವಿಳಾಸವನ್ನು ಕರಪತ್ರದಲ್ಲಿ ಅಚ್ಚು ಹಾಕಿಸಲು ಸಾಧ್ಯವಿಲ್ಲ, ಅರ್ಧಕ್ಕೆ ತುಂಡಾಗಿ ಕಾಪಿಯಾದರೆ ತಪ್ಪು ಎಲ್ಲಿದೆಯೆಂದು ಕಣ್ಣಿಗೆ ಕಾಣುವುದೂ ಇಲ್ಲ. ವಿಭಾಗದ ಹೆಸರು ಕನ್ನಡದಲ್ಲೇ ಇರಲಿ; ವಿಳಾಸದ ತುಣುಕನ್ನು ಮಾತ್ರ ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಇಡುವುದು ಉಚಿತ.

ತಾಣ ಚೆನ್ನಾಗಿ ತೆರೆಯುತ್ತದೆ, ರೀಡರ್ ಮಾತ್ರ ಫೀಡನ್ನು ನಿರಾಕರಿಸುತ್ತದೆ

ಎಚ್‌ಟಿಎಂಎಲ್ ಪುಟದಲ್ಲಿ ಸಣ್ಣಪುಟ್ಟ ತಪ್ಪುಗಳಿದ್ದರೂ ಬ್ರೌಸರ್ ಹೊಂದಿಸಿಕೊಂಡು ತೋರಿಸುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಆ ರಿಯಾಯಿತಿ ಇಲ್ಲ. ಒಂದು ಬರಹದ ಒಂದು ಅಕ್ಷರ ತಪ್ಪಿದರೆ ಇಡೀ ಫೀಡ್ ನಿಂತುಹೋಗಬಹುದು. ವೆಬ್ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿಯ ಉಚಿತ ಫೀಡ್ ಪರೀಕ್ಷಕದಲ್ಲಿ ವಿಳಾಸ ಹಾಕಿದರೆ ತಪ್ಪಿರುವ ಸಾಲಿನ ಸಂಖ್ಯೆ ಸಿಗುತ್ತದೆ. ನಮ್ಮ ಕಡೆಯ ತಾಣಗಳಲ್ಲಿ ಸಿಗುವ ತಪ್ಪುಗಳು ಬಹುಮಟ್ಟಿಗೆ ಒಂದೇ ಬಗೆಯವು.

‘ಅಡಿಕೆ & ಶೇಂಗಾ ಧಾರಣೆ’ ಎಂದು ಶೀರ್ಷಿಕೆ ಬರೆದಾಗ, ನಡುವಿನ ಚಿಹ್ನೆಯನ್ನು ಸಂಕೇತಕ್ಕೆ ಬದಲಾಯಿಸದೆ ಹಾಗೆಯೇ ಬಿಟ್ಟರೆ ಕಡತ ಮುರಿಯುತ್ತದೆ. ವರ್ಡ್‌ಪ್ರೆಸ್, ಬ್ಲಾಗರ್ ಇದನ್ನು ತಾವೇ ಬದಲಾಯಿಸುತ್ತವೆ. ಸ್ವಂತವಾಗಿ ಬರೆಸಿದ ಫೀಡ್‌ಗಳಲ್ಲಿ ಇದು ತಪ್ಪಿಹೋಗಿರುತ್ತದೆ. ಅದೇ ರೀತಿ, ಖಾಲಿ ಜಾಗಕ್ಕಾಗಿ ಅಥವಾ ಕನ್ನಡದ ಅರ್ಧಾಕ್ಷರಗಳನ್ನು ಬಿಡಿಸಿ ತೋರಿಸುವ ಅದೃಶ್ಯ ಅಕ್ಷರಕ್ಕಾಗಿ ಎಚ್‌ಟಿಎಂಎಲ್‌ನ ಹೆಸರುಳ್ಳ ಸಂಕೇತಗಳನ್ನು ಬಳಸಿದರೆ ಪುಟದಲ್ಲಿ ಸರಿಯಾಗಿ ಕಾಣುತ್ತದೆ, ಫೀಡ್‌ನಲ್ಲಿ ಕೆಡುತ್ತದೆ. ಎಕ್ಸ್‌ಎಂಎಲ್‌ಗೆ ಹುಟ್ಟಿನಿಂದ ಗೊತ್ತಿರುವ ಅಂಥ ಸಂಕೇತಗಳು ಐದೇ. ಅದೃಶ್ಯ ಅಕ್ಷರವನ್ನು ಯೂನಿಕೋಡ್ ಅಕ್ಷರವಾಗಿ ನೇರವಾಗಿ ಹಾಕಿದರೆ ಯಾವ ತೊಂದರೆಯೂ ಇಲ್ಲ.

ಡಿಟಿಪಿ ಕೇಂದ್ರದಿಂದ ಬಂದ ಬರಹವನ್ನು ಹಾಗೆಯೇ ಪೇಸ್ಟ್ ಮಾಡಿದಾಗ ಕಣ್ಣಿಗೆ ಕಾಣದ ನಿಯಂತ್ರಣ ಅಕ್ಷರಗಳು ಒಳಸೇರುವುದುಂಟು, ಅವುಗಳಲ್ಲಿ ಹೆಚ್ಚಿನವು ಎಕ್ಸ್‌ಎಂಎಲ್‌ನಲ್ಲಿ ನಿಷಿದ್ಧ. ಪರೀಕ್ಷಕ ತೋರಿಸಿದ ಸಾಲಿನಲ್ಲಿ ಏನೂ ಕಾಣದಿದ್ದರೆ ಇದನ್ನೇ ಶಂಕಿಸಿ, ಆ ವಾಕ್ಯವನ್ನು ಅಳಿಸಿ ಕೈಯಿಂದ ಟೈಪ್ ಮಾಡಬೇಕು. ತಪ್ಪು ಮೊದಲ ಸಾಲಿನಲ್ಲೇ ಇದೆಯೆಂದು ಪರೀಕ್ಷಕ ಹೇಳಿದರೆ, ಥೀಮ್‌ನ ಅಥವಾ ಪ್ಲಗಿನ್‌ನ (ತಾಣಕ್ಕೆ ಸೇರಿಸಿದ ಹೆಚ್ಚುವರಿ ತಂತ್ರಾಂಶದ) ಯಾವುದೋ ಕಡತದ ಅಂಚಿನಲ್ಲಿ ಖಾಲಿ ಸಾಲೊಂದು ಉಳಿದು, ಅದು ಎಕ್ಸ್‌ಎಂಎಲ್ ಘೋಷಣೆಗಿಂತ ಮುಂಚೆ ಬಂದು ಕೂತಿರುತ್ತದೆ. ಪ್ಲಗಿನ್‌ಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡಿದರೆ ಯಾವುದೆಂದು ಸಿಗುತ್ತದೆ.

ಅಕ್ಷರಗಳು ಚೆಲ್ಲಾಪಿಲ್ಲಿ

ಇಲ್ಲಿ ಯಾವ ಬಗೆಯ ಗೊಂದಲ ಎಂಬುದೇ ಕಾರಣವನ್ನು ಹೇಳುತ್ತದೆ. ತಾಣದಲ್ಲಿ ಕನ್ನಡ ಸರಿಯಾಗಿ ಕಂಡು, ರೀಡರ್‌ನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಂಡರೆ, ಮೂಲ ಬರಹ ಯೂನಿಕೋಡ್‌ನಲ್ಲಿಲ್ಲ. ‘ನುಡಿ’ ಅಥವಾ ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಗಳಲ್ಲಿ ಟೈಪ್ ಮಾಡಿ, ತಾಣಕ್ಕೆ ಫಾಂಟ್ ಜೋಡಿಸಿ ಕನ್ನಡದಂತೆ ತೋರಿಸಲಾಗಿರುತ್ತದೆ. ರೀಡರ್‌ಗೆ ಬರಹ ಹೋಗುತ್ತದೆ, ಫಾಂಟ್ ಹೋಗುವುದಿಲ್ಲ. ಇದಕ್ಕೆ ಫೀಡ್‌ನಲ್ಲಿ ಪರಿಹಾರವಿಲ್ಲ. ಬರಹಗಳನ್ನು ಯೂನಿಕೋಡ್‌ಗೆ ಪರಿವರ್ತಿಸಲೇಬೇಕು, ಹಾಗೆ ಮಾಡಿದರೆ ಹುಡುಕಾಟದಲ್ಲೂ ಅವು ಸಿಗತೊಡಗುತ್ತವೆ. ತಲೆಯ ಮೇಲೆ ಓರೆಗೆರೆಯಿರುವ ಇಂಗ್ಲಿಷ್ ಎ ಅಕ್ಷರ ಮತ್ತೆ ಮತ್ತೆ ಬರುತ್ತಿದ್ದರೆ, ಯುಟಿಎಫ್-8ರಲ್ಲಿರುವ ಕನ್ನಡವನ್ನು ಬೇರೆ ಸಂಕೇತಪದ್ಧತಿಯೆಂದು ತಪ್ಪಾಗಿ ಘೋಷಿಸಲಾಗಿದೆ ಎಂದರ್ಥ. ಕಡತದ ಮೊದಲ ಸಾಲಿನಲ್ಲೂ, ಕಡತದ ಜೊತೆ ಸರ್ವರ್ ಕಳಿಸುವ ಹೆಡರ್ ಎಂಬ ಮಾಹಿತಿಯಲ್ಲೂ ಯುಟಿಎಫ್-8 ಎಂದೇ ಇರುವಂತೆ ಮಾಡಬೇಕು. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಡೇಟಾಬೇಸ್‌ಗೆ ಸೇರುವಾಗಲೇ ಅಕ್ಷರಗಳು ನಷ್ಟವಾಗಿವೆ, ಮೂಲ ಪ್ರತಿಯಿಂದ ಮತ್ತೆ ಹಾಕುವುದೊಂದೇ ದಾರಿ.

ಬರುತ್ತಿದ್ದದ್ದು ನಿಂತುಹೋಗಿದೆ

ತಾಣ ಬ್ರೌಸರ್‌ನಲ್ಲಿ ತೆರೆಯುತ್ತದೆ ಎಂಬ ಕಾರಣಕ್ಕೆ ಸರ್ವರ್ ಸರಿಯಾಗಿದೆ ಎಂದು ತಿಳಿಯಬಾರದು. ಸುರಕ್ಷತಾ ಪ್ರಮಾಣಪತ್ರದ ಸರಪಳಿಯಲ್ಲಿ ನಡುವಿನ ಕೊಂಡಿ ತಪ್ಪಿದ್ದರೂ ಕ್ರೋಮ್ ಅದನ್ನು ತಾನೇ ತಂದುಕೊಂಡು ತಾಣವನ್ನು ತೋರಿಸುತ್ತದೆ. ಹಲವು ರೀಡರ್‌ಗಳು ಹಾಗೆ ಮಾಡದೆ ಸಂಪರ್ಕವನ್ನೇ ಕಡಿಯುತ್ತವೆ. ಉಚಿತವಾಗಿ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪ್ರಮಾಣಪತ್ರದ ಅವಧಿ 90 ದಿನವಷ್ಟೇ ಆದ್ದರಿಂದ, ನವೀಕರಣ ತಾನಾಗಿ ನಡೆಯುವಂತೆ ಮಾಡಿಟ್ಟಿರಬೇಕು.

ಯಂತ್ರಗಳ ದಾಳಿಯನ್ನು ತಡೆಯುವ ರಕ್ಷಣೆ ಹಾಕಿಸಿದ ಮರುದಿನದಿಂದ ಫೀಡ್ ನಿಂತಿದ್ದರೆ ಕಾರಣ ಬಹುತೇಕ ಅದೇ. ನೀವು ಮನುಷ್ಯರೆಂದು ಖಚಿತಪಡಿಸಿ ಎಂಬ ಪುಟವನ್ನು ರೀಡರ್‌ಗೆ ತೋರಿಸಿದರೆ ಅದು ಉತ್ತರಿಸಲಾರದು. ಸರ್ವರ್‌ನ ಲಾಗ್‌ನಲ್ಲಿ (ದಾಖಲೆಯಲ್ಲಿ) ಪ್ರವೇಶ ನಿರಾಕರಣೆಯನ್ನು ಸೂಚಿಸುವ 403 ಎಂಬ ಸಂಖ್ಯೆ ಸಾಲುಸಾಲಾಗಿ ಕಾಣುತ್ತದೆ. ಸರ್ವರನ್ನು ಭಾರತದೊಳಗಿನ ಸಂಪರ್ಕಗಳಿಗೆ ಮಾತ್ರ ತೆರೆದಿಟ್ಟಿದ್ದರೂ ವಿದೇಶದ ಸರ್ವರ್‌ಗಳಿಂದ ಫೀಡ್ ತರಿಸುವ ಸೇವೆಗಳು ಸೋಲುತ್ತವೆ. ಎರಡೂ ಸಂದರ್ಭಗಳಲ್ಲಿ ರಕ್ಷಣೆಯನ್ನು ತೆಗೆಯಬೇಕಾಗಿಲ್ಲ, ಫೀಡ್‌ನ ವಿಳಾಸಕ್ಕೆ ಮಾತ್ರ ವಿನಾಯಿತಿ ಕೊಟ್ಟರೆ ಸಾಕು. ಪುಟಗಳ ನಕಲನ್ನು ಇಟ್ಟುಕೊಂಡು ಕೊಡುವ ಕ್ಯಾಶ್ ಪ್ಲಗಿನ್ ಹಳೆಯ ಫೀಡನ್ನೇ ಹಿಡಿದಿಟ್ಟುಕೊಂಡಿದ್ದರೂ ಇದೇ ರೀತಿ ವಿನಾಯಿತಿ ಬೇಕು.

ದಿನಾಂಕಗಳನ್ನು ಎಚ್ಚರದಿಂದ ನೋಡಬೇಕು. ಆರ್‌ಎಸ್‌ಎಸ್‌ನ ದಿನಾಂಕದಲ್ಲಿ ವಾರ ಮತ್ತು ತಿಂಗಳ ಹೆಸರುಗಳು ನಿಗದಿತ ಇಂಗ್ಲಿಷ್ ಸಂಕ್ಷೇಪಗಳಲ್ಲೇ ಇರಬೇಕು; ತಾಣದ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದಾಗ ಸ್ವಂತವಾಗಿ ಬರೆಸಿದ ಫೀಡ್‌ಗಳಲ್ಲಿ ‘ಜೂನ್’ ಎಂದು ಕನ್ನಡದಲ್ಲೇ ಬಂದು, ರೀಡರ್ ಆ ದಿನಾಂಕವನ್ನು ಗುರುತಿಸದೇ ಹೋಗುತ್ತದೆ. ಭಾರತೀಯ ಕಾಲಮಾನವನ್ನು +0530 ಎಂದು ಅಂಕಿಯಲ್ಲೇ ಬರೆಯಬೇಕು. ಅದನ್ನು ಬಿಟ್ಟು ಸೊನ್ನೆ ಹಾಕಿದರೆ ಬೆಳಗ್ಗೆ 9ಕ್ಕೆ ಪ್ರಕಟವಾದ ಬರಹಕ್ಕೆ ಮಧ್ಯಾಹ್ನ 2.30ರ ಸಮಯ ಬೀಳುತ್ತದೆ. ಕೆಲವು ರೀಡರ್‌ಗಳು ಇನ್ನೂ ಬಾರದ ಸಮಯದ ಬರಹವನ್ನು ತಡೆಹಿಡಿಯುತ್ತವೆ, ಧಾರಣೆ ನೋಡಿ ಮಾಲು ತರಬೇಕೆಂದಿದ್ದ ರೈತರಿಗೆ ಅಷ್ಟರಲ್ಲಿ ಟೆಂಡರ್ ಸಮಯ ಮುಗಿದಿರುತ್ತದೆ.

ಕೆಲವು ಬರಹಗಳು ಮಾತ್ರ ತಪ್ಪಿಹೋಗುತ್ತವೆ ಎಂಬ ದೂರಿಗೆ ಕಾರಣ ಫೀಡ್‌ನ ಉದ್ದ. ವರ್ಡ್‌ಪ್ರೆಸ್ ಫೀಡ್‌ನಲ್ಲಿ ಸಾಮಾನ್ಯವಾಗಿ ಇತ್ತೀಚಿನ 10 ಬರಹಗಳಷ್ಟೇ ಇರುತ್ತವೆ. ಅಡಿಕೆ, ಮೆಕ್ಕೆಜೋಳ, ಭತ್ತ, ಶೇಂಗಾ, ಈರುಳ್ಳಿ ಎಂದು ಒಂದೊಂದು ಬೆಳೆಗೂ ಒಂದೊಂದು ಊರಿನ ಧಾರಣೆಯನ್ನು ಪ್ರತ್ಯೇಕ ಬರಹವಾಗಿ ಹಾಕುವ ತಾಣದಲ್ಲಿ ಹತ್ತು ಬರಹ ಒಂದು ಗಂಟೆಯಲ್ಲೇ ದಾಟುತ್ತದೆ. ದಿನಕ್ಕೊಮ್ಮೆ ನೋಡುವ ಫೋನ್ ರೀಡರ್‌ಗೆ ಮೊದಲಿನವು ಸಿಗುವುದೇ ಇಲ್ಲ. ರೀಡಿಂಗ್ ಸೆಟ್ಟಿಂಗ್‌ನಲ್ಲಿ ಸಂಖ್ಯೆಯನ್ನು ಹೆಚ್ಚಿಸಬೇಕು, ಸಾಧ್ಯವಾದರೆ ದಿನದ ಧಾರಣೆಯನ್ನು ಒಂದೇ ಬರಹವಾಗಿ ಹಾಕಬೇಕು.

ಸರ್ವರ್‌ನಲ್ಲಿ ಎಲ್ಲವೂ ಸರಿಯಿದ್ದು ಒಬ್ಬಿಬ್ಬರಿಗೆ ಮಾತ್ರ ಬಾರದಿದ್ದರೆ ಫೋನಿನ ಬ್ಯಾಟರಿ ಉಳಿತಾಯದ ಸೆಟ್ಟಿಂಗ್ ನೋಡಿ. ಆ್ಯಪ್ ತೆರೆದ ತಕ್ಷಣ ಎಲ್ಲ ಬರಹಗಳೂ ಒಟ್ಟಿಗೆ ಬಂದರೆ ಅದೇ ಕಾರಣವೆಂದು ಖಚಿತ. ಆ ಆ್ಯಪ್‌ಗೆ ಹಿನ್ನೆಲೆಯಲ್ಲಿ ಕೆಲಸ ಮಾಡುವ ಅನುಮತಿ ಕೊಡಬೇಕು.

ತಾಣದ ವಿಳಾಸ ಬದಲಾದಾಗ, ಫೋನ್ ಬದಲಾದಾಗ

ಹೊಸ ಡೊಮೇನ್‌ಗೆ ಹೋಗುವಾಗ ಹಳೆಯ ಫೀಡ್‌ನ ವಿಳಾಸದಿಂದ ಹೊಸದಕ್ಕೆ 301 ಎಂಬ ಶಾಶ್ವತ ಮರುನಿರ್ದೇಶನ ಇಡಬೇಕು, ಹಳೆಯ ಡೊಮೇನನ್ನು ಕನಿಷ್ಠ ಒಂದೆರಡು ವರ್ಷವಾದರೂ ನವೀಕರಿಸುತ್ತಿರಬೇಕು. ಚಂದಾದಾರರು ಯಾರೆಂಬುದು ಫೀಡ್ ಪ್ರಕಟಿಸುವವರಿಗೆ ತಿಳಿಯುವುದಿಲ್ಲವಾದ್ದರಿಂದ, ಅವರನ್ನು ಹೊಸ ವಿಳಾಸಕ್ಕೆ ತಲುಪಿಸಲು ಇರುವ ಮುಖ್ಯ ದಾರಿ ಆ ಮರುನಿರ್ದೇಶನವೇ. ಈ ಸಂದರ್ಭದಲ್ಲಿ ಪ್ರತಿ ಬರಹದ ಜಿಯುಐಡಿ ಎಂಬ ಗುರುತನ್ನು ಬದಲಾಯಿಸಬಾರದು. ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಹೋಗುವಾಗ ಡೇಟಾಬೇಸ್‌ನಲ್ಲಿ ಎಲ್ಲ ಕಡೆ ಹುಡುಕಿ ಬದಲಾಯಿಸುವವರು ಇದನ್ನೂ ಬದಲಾಯಿಸಿಬಿಡುತ್ತಾರೆ. ಆಗ ಫೀಡ್‌ನಲ್ಲಿರುವ ಹಳೆಯ ಬರಹಗಳೆಲ್ಲ ಹೊಸದೆಂಬಂತೆ ಮತ್ತೆ ಬರುತ್ತವೆ.

ಓದುಗರು ಫೋನ್ ಬದಲಾಯಿಸಿದಾಗ ಚಂದಾ ಪಟ್ಟಿ ಕಳೆದುಹೋಗದಂತೆ, ಆ್ಯಪ್‌ನ ಎಕ್ಸ್‌ಪೋರ್ಟ್ ಆಯ್ಕೆಯಿಂದ ಆ ಪಟ್ಟಿಯಿರುವ ಒಪಿಎಂಎಲ್ ಎಂಬ ಕಡತವನ್ನು ತೆಗೆದು ಅವರ ಇಮೇಲ್‌ಗೇ ಕಳಿಸಿಡಲು ಹೇಳಬೇಕು. ಹೊಸ ಫೋನಿನಲ್ಲಿ ಬೇರೆ ಆ್ಯಪ್ ಹಾಕಿಕೊಂಡರೂ ಇಂಪೋರ್ಟ್ ಒತ್ತಿ ಆ ಕಡತವನ್ನು ಕೊಟ್ಟರೆ ಎಲ್ಲ ತಾಣಗಳೂ ಮರಳಿ ಬರುತ್ತವೆ. ಈ ಹಂತವನ್ನು ಚಂದಾದಾರಿಕೆಯ ಕನ್ನಡ ಪುಟದ ಕೊನೆಯಲ್ಲಿ ಚಿತ್ರಗಳ ಸಮೇತ ಸೇರಿಸಿಡಬಹುದು.